ಹೆಸರು ಹುಡುಕಿಕೊಟ್ಟ ಪಾದ್ರಿ

ಕೇಳುಗರಿಗೆ ನಮಸ್ಕಾರ.

ಶಾಲೆಯಲ್ಲಿ ವಿದ್ಯುತ್ತಿನ ಪಾಠ ಓದಿದವರಿಗೆ ಆನೋಡ್, ಕ್ಯಾಥೋಡ್ ಅನ್ನುವ ಹೆಸರು ನೆನಪಿರುತ್ತದೆ, ಅಲ್ವಾ? ಅವನ್ನು ಹುಡುಕಿಕೊಟ್ಟವರು ಒಬ್ಬ ಪಾದ್ರಿ. ವಿಲಿಯಂ ಹ್ಯೂವೆಲ್ ಅಂತ.

ಹುಟ್ಟಿದ್ದು 1794ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ. ಅಪ್ಪ ಬಡಗಿ. ಮಗನೂ ಉಳಿ ಹಿಡಿಯಬೇಕಿತ್ತು. ಊರಿನ ಮೇಷ್ಟ್ರು ಹುಡುಗನ ಚುರುಕು ನೋಡಿ ತಮ್ಮ ಶಾಲೆಗೆ ಸೇರಿಸಿಕೊಂಡರು. ಮುಂದೆ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜು. 1841ರಲ್ಲಿ ಬಡಗಿಯ ಮಗ ಆ ಕಾಲೇಜಿಗೇ ಮುಖ್ಯಸ್ಥರಾದರು.

ಹೆಸರಿನ ಕಥೆ ನನಗೆ ತುಂಬಾ ಇಷ್ಟ. 1834ರಲ್ಲಿ ವಿಜ್ಞಾನಿ ಮೈಕೇಲ್ ಫ್ಯಾರಡೆ ದ್ರಾವಣದೊಳಗೆ ಕರೆಂಟ್ ಹರಿಸಿ ನೋಡುತ್ತಿದ್ದರು. ಕರೆಂಟ್ ಒಳಗೆ ಬರುವ ತುದಿಗೊಂದು, ಹೊರಗೆ ಹೋಗುವ ತುದಿಗೊಂದು ಹೆಸರು ಬೇಕಿತ್ತು. ಕರೆಂಟ್ ಸೂರ್ಯನ ಹಾಗೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ ಅಂತ ಫ್ಯಾರಡೆ ಕಲ್ಪಿಸಿಕೊಂಡಿದ್ದರು. ಕಾಗದ ಬರೆದು ಹ್ಯೂವೆಲ್ ಅವರನ್ನು ಕೇಳಿದರು. ಹ್ಯೂವೆಲ್ ಗ್ರೀಕ್ ಭಾಷೆಯಿಂದ ಎರಡು ಮಾತು ಕೊಟ್ಟರು. ಆನೋಡ್ ಅಂದರೆ ಮೇಲೇರುವ ದಾರಿ. ಕ್ಯಾಥೋಡ್ ಅಂದರೆ ಕೆಳಗಿಳಿಯುವ ದಾರಿ. ಸೂರ್ಯ ಹುಟ್ಟುವ ಕಡೆ, ಮುಳುಗುವ ಕಡೆ! 'ಸೈಂಟಿಸ್ಟ್' ಅನ್ನುವ ಪದವೂ ಅವರದ್ದೇ. ಆರ್ಟಿಸ್ಟ್ ಇರುವಾಗ ಸೈಂಟಿಸ್ಟ್ ಯಾಕಿರಬಾರದು ಅನ್ನುವುದು ಅವರ ವಾದ.

1838ರಲ್ಲಿ ಅವರು ನೀತಿಶಾಸ್ತ್ರದ ಪ್ರಾಧ್ಯಾಪಕರಾದರು. ಹೆಚ್ಚು ಸುಖ ಕೊಡುವ ಕೆಲಸವೇ ಸರಿಯಾದ ಕೆಲಸ ಅಂತ ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮ್ ಹೇಳಿದ್ದರು. ಹ್ಯೂವೆಲ್ ಒಪ್ಪಲಿಲ್ಲ. ಸುಖ ದುಃಖದ ಲೆಕ್ಕ ಹಾಕಿ ಧರ್ಮ ತಿಳಿಯುವುದಿಲ್ಲ, ಸರಿ ತಪ್ಪನ್ನು ಬುದ್ಧಿಯೇ ಕಾಣಬೇಕು ಅಂದರು. ಪ್ರಾಣಿಗಳ ನೋವನ್ನೂ ಮನುಷ್ಯರ ಸುಖದ ಜೊತೆಗೇ ತೂಗಬೇಕು ಅನ್ನುವ ಬೆಂಥಮ್ ಮಾತೂ ಹ್ಯೂವೆಲ್ ಅವರಿಗೆ ಸರಿಬೀಳಲಿಲ್ಲ. ಮನುಷ್ಯರಿಗೂ ಮನುಷ್ಯರಿಗೂ ಇರುವ ನಂಟೇ ಬೇರೆ ಅನ್ನುತ್ತಿದ್ದರು. 1852ರಲ್ಲಿ ಬೆಂಥಮ್ ದಾರಿಯ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಇದನ್ನು ಕಟುವಾಗಿ ಖಂಡಿಸಿದರು. ಪ್ರಾಣಿಗಳ ವಿಷಯದಲ್ಲಿ ನಾನು ಮಿಲ್ ಕಡೆ. ಮೂಕ ಜೀವದ ನೋವೂ ನೋವೇ. ಆದರೆ ಸುಖದ ಲೆಕ್ಕವೊಂದೇ ಸಾಲದು ಅನ್ನುವ ಹ್ಯೂವೆಲ್ ಮಾತನ್ನು ಬಿಡಲು ಮನಸ್ಸು ಬರುವುದಿಲ್ಲ.

1866ರಲ್ಲಿ ಕುದುರೆಯಿಂದ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕ ಹುದ್ದೆಗೆ ಹಣ ಇಟ್ಟಿದ್ದರು. ಆ ಹುದ್ದೆಗೆ ಬರುವವರು ಯುದ್ಧದ ಕೇಡನ್ನು ಕಡಿಮೆ ಮಾಡುವ, ಕೊನೆಗೆ ದೇಶ ದೇಶಗಳ ನಡುವೆ ಯುದ್ಧವೇ ಇಲ್ಲದಂತೆ ಮಾಡುವ ದಾರಿ ಹುಡುಕಬೇಕು ಅಂತ ಬರೆದಿಟ್ಟಿದ್ದರು. ಕೇಂಬ್ರಿಡ್ಜ್‌ನಲ್ಲಿ ಆ ಹುದ್ದೆ ಈಗಲೂ ಅವರ ಹೆಸರಿನಲ್ಲೇ ಇದೆ.

ನಮಸ್ಕಾರ.