ಇನ್ನೂ ಬಾರದ ವಾಚು

ಕೇಳುಗರೇ, ನಮಸ್ಕಾರ.

ನಾನೊಂದು ವಾಚು ಕೊಂಡಿದ್ದೇನೆ. ದುಡ್ಡು ಕಟ್ಟಿಯಾಗಿದೆ. ವಾಚು ಮಾತ್ರ ಇನ್ನೂ ಬಂದಿಲ್ಲ. ಪಾರ್ಸೆಲ್ ಹೊರಟಿದೆ ಅಂತ ಫೋನಿಗೆ ಮೆಸೇಜ್ ಬಂದಿದೆ, ಅಷ್ಟೇ. ಈ ಹೊತ್ತು ಅದು ಯಾವ ಊರಿನ ಗೋಡೌನಿನಲ್ಲಿ ಮಲಗಿದೆಯೋ! ಆದರೂ ಸಿಕ್ಕವರ ಹತ್ತಿರವೆಲ್ಲ "ನನ್ನ ವಾಚು, ನನ್ನ ವಾಚು" ಅಂತಲೇ ಮಾತಾಡುತ್ತಿದ್ದೇನೆ.

ಯಾವ ವಾಚು ಅಂತೀರಾ? ಎಚ್‌ಎಂಟಿ ಜನತಾ. ಕೀ ಕೊಡುವ ವಾಚು. ಬ್ಯಾಟರಿ ಇಲ್ಲ. ತಾರೀಕು ತೋರಿಸುವ ಕಿಂಡಿ ಇಲ್ಲ. ನೀವು ಎಷ್ಟು ಹೆಜ್ಜೆ ನಡೆದಿರಿ, ರಾತ್ರಿ ಸರಿಯಾಗಿ ನಿದ್ದೆ ಮಾಡಿದಿರಾ ಅಂತ ವಿಚಾರಿಸುವುದಿಲ್ಲ. ಬಿಳಿ ಡಯಲು, ಮೂರು ಮುಳ್ಳು, ಕಪ್ಪು ಬೆಲ್ಟು. ಮುಗಿಯಿತು.

ನಮ್ಮನೆಯವಳು ಕೇಳಿದ್ದು ಒಂದೇ ಪ್ರಶ್ನೆ. "ಫೋನಲ್ಲಿ ಟೈಮ್ ಕಾಣಲ್ವೇನ್ರೀ?" ಕಾಣುತ್ತದೆ. ಕಾರಿನಲ್ಲಿ ಕಾಣುತ್ತದೆ, ಕಂಪ್ಯೂಟರಿನ ಮೂಲೆಯಲ್ಲಿ ಕಾಣುತ್ತದೆ, ಅಡುಗೆಮನೆಯ ಗೋಡೆಯಲ್ಲೂ ಕಾಣುತ್ತದೆ. ಟೈಮ್ ನೋಡಲು ಈಗ ಯಾರಿಗೂ ವಾಚು ಬೇಕಿಲ್ಲ. ಬೇಕಿಲ್ಲ ಅನ್ನುವುದರಲ್ಲೇ ಇದರ ಮಜಾ ಇರುವುದು. ಗ್ಯಾಸ್ ಸಿಲಿಂಡರ್ ಬರುವುದು ತಡವಾದರೆ ತಲೆಬಿಸಿ. ಕನ್ನಡಕ ತಡವಾದರೆ ಓದಲಾಗದೆ ಒದ್ದಾಟ. ವಾಚು ತಡವಾದರೆ ಏನೂ ನಿಲ್ಲುವುದಿಲ್ಲ. ಸುಮ್ನೆ ಖುಷಿಯಾಗಿ ಕಾಯಬಹುದು. ಇನ್ನೊಂದು ಮಾತು ಹೇಳಿದರೆ ನಗಬೇಡಿ. ಪಾರ್ಸೆಲ್ ನಾಳೆಯೇ ಬಂದುಬಿಟ್ಟರೆ ನನಗೆ ಸ್ವಲ್ಪ ಬೇಜಾರೇ ಆಗುತ್ತದೆ.

ವಾಚಿನ ಆಸೆ ನಮಗೆಲ್ಲ ಗಂಟೆ ನೋಡಲು ಕಲಿಯುವುದಕ್ಕೂ ಮುಂಚೆ ಹುಟ್ಟಿದ್ದು, ಅಲ್ವಾ? ಹಳ್ಳಿ ಕಡೆಯವರಿಗೆ ತೆಂಗಿನ ಗರಿಯ ವಾಚು ನೆನಪಿರುತ್ತದೆ. ಹಸಿ ಗರಿಯನ್ನು ಕಡ್ಡಿಯಿಂದ ಸೀಳಿ, ಚೌಕವಾಗಿ ಮಡಚಿ ಹೆಣೆದು, ಮಿಕ್ಕ ತುದಿಯನ್ನೇ ಬೆಲ್ಟು ಮಾಡಿ ಕಟ್ಟಿಕೊಳ್ಳುವುದು. ಸಂಜೆ ಹೊತ್ತಿಗೆ ಒಣಗಿ ಸಡಿಲವಾಗುತ್ತಿತ್ತು. ಅದೂ ಸಿಗದಿದ್ದರೆ ಮಣಿಕಟ್ಟನ್ನೇ ಕಚ್ಚಿ, ಹಲ್ಲಿನ ಗುರುತು ದುಂಡಗೆ ಮೂಡಿದರೆ ಅದೇ ವಾಚು. ಪೇಟೆ ಮಕ್ಕಳಿಗೆ ಬಾಂಬೆ ಮಿಠಾಯಿಯವನು ಬರುತ್ತಿದ್ದ. ಉದ್ದನೆಯ ಕೋಲು, ಅದರ ತುದಿಯಲ್ಲಿ ಚಪ್ಪಾಳೆ ತಟ್ಟುವ ಬೊಂಬೆ, ಅದರ ಕೆಳಗೆ ಕೋಲಿಗೆ ಸುತ್ತಿದ ಗುಲಾಬಿ ಬಣ್ಣದ ಅಂಟು ಮಿಠಾಯಿ. ಅದನ್ನು ಎಳೆದು, ತಿರುಚಿ, ನಮ್ಮ ಕೈಗೆ ಒಂದು ವಾಚು ಕಟ್ಟುತ್ತಿದ್ದ. ನೆಕ್ಕಿದರೆ ವಾಚು ಹೋಗುತ್ತದೆ, ನೆಕ್ಕದಿದ್ದರೆ ಇರುವೆ ಬರುತ್ತದೆ. ಎಂಥ ಸಂಕಟ! ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ವಾಚಿಗೆ ಈ ಕಷ್ಟ ಇರಲಿಲ್ಲ. ಆದರೆ ಅದರ ಮುಳ್ಳು ಓಡುತ್ತಿರಲಿಲ್ಲ.

ಓಡುವ ಮುಳ್ಳಿನ ವಾಚು ಕೈಗೆ ಬರಬೇಕಾದರೆ ಎಸ್‌ಎಸ್‌ಎಲ್‌ಸಿ ಪಾಸಾಗಬೇಕು, ಇಲ್ಲವೇ ಮದುವೆಯಾಗಬೇಕು. ವರಪೂಜೆಯ ದಿನ ಸೂಟು, ಉಂಗುರ, ವಾಚು. ನಿಮ್ಮ ಮನೆಯ ಹಳೇ ಆಲ್ಬಂ ಒಮ್ಮೆ ತೆಗೆದು ನೋಡಿ. ಸ್ಟುಡಿಯೋದಲ್ಲಿ ಕೂತ ಗಂಡಸಿನ ಎಡಗೈ ಮೊಣಕಾಲ ಮೇಲೆ ಬೇಕೆಂದೇ ಚಾಚಿಕೊಂಡಿರುತ್ತದೆ. ಅಂಗಿಯ ತೋಳು ಎರಡು ಬೆರಳಿನಷ್ಟು ಹಿಂದಕ್ಕೆ ಸರಿದಿರುತ್ತದೆ. ಮುಖ ಗಂಭೀರವಾಗಿದ್ದರೂ ಕೈ ಮಾತ್ರ "ನೋಡಿ, ನೋಡಿ" ಅನ್ನುತ್ತಿರುತ್ತದೆ.

ಆ ಕೈಗಳಲ್ಲಿ ಜಾಸ್ತಿ ಇದ್ದದ್ದು ನಮ್ಮ ಬೆಂಗಳೂರಿನ ವಾಚೇ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಅಂದರೆ ಎಚ್‌ಎಂಟಿ, 1953ರಲ್ಲಿ ಶುರುವಾದದ್ದು ಯಂತ್ರ ಮಾಡುವ ಯಂತ್ರಗಳಿಗಾಗಿ. ಆಮೇಲೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆ ಹಾಕಿದರು. ಅಲ್ಲಿ ತಯಾರಾದ ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅದಕ್ಕೆ ಮುಂಚೆ ವಾಚು ಅಂದರೆ ಪರದೇಶದ್ದು, ದೊಡ್ಡವರ ಕೈಯದ್ದು. ಜನತಾ ಅಂತ ಹೆಸರಿಟ್ಟ ಮೇಲೆ ಮೇಷ್ಟ್ರು, ಕಂಡಕ್ಟರು, ಗುಮಾಸ್ತರು, ರೈತರು ಎಲ್ಲರೂ ಕಟ್ಟಿದರು. ಪೈಲಟ್, ಕೋಹಿನೂರ್, ಕಾಂಚನ್, ಸೋನಾ, ಜವಾನ್ ಅಂತ ಒಂದರ ಹಿಂದೆ ಒಂದು ಬಂದವು. ತುಮಕೂರಿನಲ್ಲಿ, ಶ್ರೀನಗರದಲ್ಲಿ, ಈಗಿನ ಉತ್ತರಾಖಂಡದ ರಾಣಿಬಾಗಿನಲ್ಲಿ ಕಾರ್ಖಾನೆಗಳಾದವು. ಲಾಲ್‌ಬಾಗಿನ ಹೂವಿನ ಗಡಿಯಾರವೂ ಅವರು 1983ರಲ್ಲಿ ಕೊಟ್ಟದ್ದೇ.

ಆ ಕಾಲದಲ್ಲಿ ಕಾಯುವುದು ಯಾರಿಗೂ ಶೋಕಿ ಆಗಿರಲಿಲ್ಲ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು, ಟೆಲಿಫೋನಿಗೂ ಹಾಗೆಯೇ. ಬೇಕಾದ ಮಾಡೆಲಿನ ವಾಚಿಗೂ ಓಡಾಟ ಇತ್ತು. ಎಚ್‌ಎಂಟಿ ಕಾರ್ಖಾನೆಯಿದ್ದ ಜಾಲಹಳ್ಳಿಯಲ್ಲಿ ಕೆಲಸ ಮಾಡುವ ನೆಂಟರಿದ್ದರೆ ಅವರಿಗೆ ಊರಿಂದ ಕಾಗದ ಹೋಗುತ್ತಿತ್ತು. ಕ್ಷೇಮ ಸಮಾಚಾರ, ಮಳೆ ಬೆಳೆ ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ, "ಹುಡುಗನ ಮದುವೆ ಗೊತ್ತಾಗಿದೆ, ಒಂದು ಕಾಂಚನ್ ನೋಡಿ." ಆ ಕೊನೆಯ ಸಾಲಿಗಾಗಿಯೇ ಅಷ್ಟೂ ಕಾಗದ ಅಂತ ಓದುವವರಿಗೂ ಗೊತ್ತು. ಅದು ಪಡಿಪಾಟಲು. ನನ್ನದು ಹಾಗಲ್ಲ. ಬೇಕೆಂದೇ ಕಾಯುವುದಕ್ಕೂ ಬೇರೆ ದಾರಿ ಇಲ್ಲದೆ ಕಾಯುವುದಕ್ಕೂ ಬಹಳ ವ್ಯತ್ಯಾಸವಿದೆ, ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ.

ಮುಂದಿನ ಕಥೆ ನಿಮಗೆ ಗೊತ್ತಿರುವುದೇ. ಟಾಟಾದವರೂ ತಮಿಳುನಾಡು ಸರ್ಕಾರದ ಸಂಸ್ಥೆಯೂ ಸೇರಿ 1984ರಲ್ಲಿ ಟೈಟಾನ್ ಕಟ್ಟಿದರು. ನಮ್ಮ ಗಡಿ ದಾಟಿದರೆ ಸಿಗುವ ಹೊಸೂರಿನಲ್ಲಿ ಕಾರ್ಖಾನೆ. 1987ರಿಂದ ಅವರ ಕ್ವಾರ್ಟ್ಜ್, ಅಂದರೆ ಬ್ಯಾಟರಿಯಲ್ಲಿ ಓಡುವ ವಾಚುಗಳು ಅಂಗಡಿಗೆ ಬಂದವು. ತೆಳ್ಳಗೆ, ನಾಜೂಕಾಗಿ, ಕೀ ಕೊಡುವ ತಾಪತ್ರಯವಿಲ್ಲದೆ. ಎಚ್‌ಎಂಟಿಯವರೂ ಕ್ವಾರ್ಟ್ಜ್ ಮಾಡಿದ್ದರು, ಅದೂ ಟೈಟಾನಿಗಿಂತ ಮುಂಚೆಯೇ. ಆದರೂ ಅವರ ಮನಸ್ಸು ಕೀ ವಾಚಿನ ಮೇಲೇ ಇತ್ತೇನೋ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ವಾಚ್ ಕಾರ್ಖಾನೆಯ ಜಾಗ ಈಗ ಇಸ್ರೋ ಕೈಯಲ್ಲಿದೆ.

ಮುಚ್ಚಿದ ಮೇಲೆ ನೋಡಿ, ಜನಕ್ಕೆ ಪ್ರೀತಿ ಉಕ್ಕಿತು! ಕೈಯಲ್ಲಿದ್ದಾಗ ಡ್ರಾಯರಿಗೆ ಎಸೆದವರು ಈಗ ಹುಡುಕಿಕೊಂಡು ಹೊರಟಿದ್ದಾರೆ, ನಾನೂ ಸೇರಿ. ಹುಡುಕುವಾಗ ಸ್ವಲ್ಪ ಹುಷಾರಾಗಿರಬೇಕು. ಇಂಟರ್ನೆಟ್ಟಿನಲ್ಲಿ ಕಿತ್ತಳೆ, ಗಿಳಿಹಸಿರು, ನೇರಳೆ ಡಯಲಿನ ಎಚ್‌ಎಂಟಿಗಳು ರಾಶಿ ರಾಶಿ ಸಿಗುತ್ತವೆ. ರೇಟೂ ಕಡಿಮೆ. ಹಳೇ ಯಂತ್ರ ಇಟ್ಟುಕೊಂಡು, ಡಯಲಿಗೆ ಹೊಸದಾಗಿ ಬಣ್ಣ ಬಳಿದು, ಮೇಲೆ ಹೆಸರು ಅಚ್ಚು ಹಾಕಿದ ಮಾಲು ಅದರಲ್ಲಿ ಬಹಳ. ಭೂತಗನ್ನಡಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಅಕ್ಷರದ ಅಂಚು ಒಡೆದಿರುತ್ತದೆ. ನಿಮಿಷದ ಗೆರೆಗಳು ಒಂದು ದಪ್ಪ, ಒಂದು ಸಣ್ಣ. ಕೆಲವು ಸಲ ಡಯಲಿನ ಮೇಲೆ ಒಂದು ಮಾಡೆಲಿನ ಹೆಸರು, ಒಳಗೆ ಇನ್ನೊಂದರ ಯಂತ್ರ. ಗೊತ್ತಿದ್ದೇ ಕೊಂಡರೆ ತಪ್ಪೇನಿಲ್ಲ, ಅದೂ ಓಡುತ್ತದೆ. ಅಸಲಿ ಅಂದುಕೊಂಡು ಕೊಂಡರೆ ಹೊಟ್ಟೆ ಉರಿಯುತ್ತದೆ.

ನನ್ನದು ಹಳೇ ಸ್ಟಾಕು. ಅಂದರೆ ಯಾರೂ ಕಟ್ಟದ ಹೊಸ ವಾಚೇ. ಯಾವುದೋ ಅಂಗಡಿಯ ಬೀರುವಿನಲ್ಲಿ ಡಬ್ಬಿಯೊಳಗೆ ಕೂತು ಉಳಿದುಬಿಟ್ಟದ್ದು. ಹಾಗೆ ನೋಡಿದರೆ ನಾನು ಅದಕ್ಕೆ ಕಾಯುವುದು ಏನೂ ಅಲ್ಲ, ಅದು ಗಿರಾಕಿಗಾಗಿ ಕಾದಿರುವುದೇ ಜಾಸ್ತಿ. ಅಷ್ಟು ವರ್ಷ ಸುಮ್ಮನಿದ್ದರೆ ಒಳಗಿನ ಎಣ್ಣೆ ಒಣಗಿ ಅಂಟಾಗುತ್ತದೆ. ಹಾಗಾಗಿ ಪಾರ್ಸೆಲ್ ಬಂದ ದಿನವೇ ಕಟ್ಟಿ ಮೆರೆಯುವ ಹಾಗಿಲ್ಲ. ಮೊದಲು ರಿಪೇರಿ ಅಂಗಡಿಗೆ ಹೋಗಿ, ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಬೇಕು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ನಮ್ಮೂರ ರಿಪೇರಿಯವರು "ನಾಳೆ ಬನ್ನಿ" ಅಂದರೆ ಅದು ಮುಂದಿನ ವಾರ. ಒಳ್ಳೆಯದೇ ಆಯಿತು. ಇನ್ನೊಂದಿಷ್ಟು ದಿನ ಕಾಯಲು ನೆಪ ಸಿಕ್ಕಿತು.

ಅಲ್ಲಿಯವರೆಗೆ ಏನು ಮಾಡುವುದು? ಅದಕ್ಕೂ ಕೆಲಸಗಳಿವೆ. ಮಣಿಕಟ್ಟಿನ ಸುತ್ತ ನೂಲು ಸುತ್ತಿ ಅಳತೆ ತೆಗೆದೆ, ಬೆಲ್ಟು ಸಾಕಾಗುತ್ತದೋ ಅಂತ. ಜನತಾ ವಾಚಿನ ಅಗಲ ಸುಮಾರು 35 ಮಿಲಿಮೀಟರ್. ಈಗಿನ ದಪ್ಪ ದಪ್ಪ ವಾಚುಗಳ ಮುಂದೆ ಸಣ್ಣದು. ಕೈಮೇಲೆ ಹೇಗೆ ಕಾಣಬಹುದು? ಕ್ಯಾಲೆಂಡರಿನ ಹಿಂಬದಿಯ ಬಿಳಿ ಹಾಳೆಯಲ್ಲಿ ಕೈವಾರ ಹಿಡಿದು ವೃತ್ತ ಬರೆದೆ. ಕತ್ತರಿಸಿದೆ. ಎರಡು ಹನಿ ನೀರು ಹಚ್ಚಿ ಮಣಿಕಟ್ಟಿಗೆ ಅಂಟಿಸಿದೆ. ಕನ್ನಡಿ ಮುಂದೆ ನಿಂತು ತೋಳು ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಏನೂ ಅನ್ನಲಿಲ್ಲ. ಟೈಮ್ ಎಷ್ಟು ಅಂತ ಮಾತ್ರ ಕೇಳಿದಳು. "ಹತ್ತೂ ಹತ್ತು" ಅಂದೆ. ಜಾಹೀರಾತಿನ ವಾಚಿನಲ್ಲಿ ಯಾವಾಗಲೂ ಅಷ್ಟೇ ತಾನೇ ಆಗಿರುವುದು? ಎರಡು ಮುಳ್ಳೂ ರೆಕ್ಕೆ ಎತ್ತಿ ನಿಂತರೆ ನಡುವೆ ಕಂಪನಿಯ ಹೆಸರು ಚೆನ್ನಾಗಿ ಕಾಣುತ್ತದೆ.

ಕೀ ಕೊಡುವ ವಾಚೇ ಯಾಕೆ ಅಂತ ಕೇಳುವವರಿಗೆ ಒಂದೆರಡು ಮಾತು. ಕ್ವಾರ್ಟ್ಜ್ ವಾಚಿನೊಳಗೆ ಒಂದು ಚೂರು ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದರ ಲೆಕ್ಕದಲ್ಲಿ ಮುಳ್ಳು ಸೆಕೆಂಡಿಗೊಮ್ಮೆ ಟಕ್ ಅಂತ ಮುಂದಕ್ಕೆ ಬೀಳುತ್ತದೆ. ತಿಂಗಳಿಗೆ ಕೆಲವೇ ಸೆಕೆಂಡು ಆಚೀಚೆ. ನಿಖರತೆಯಲ್ಲಿ ಅದರ ಮುಂದೆ ಕೀ ವಾಚು ನಿಲ್ಲುವುದಿಲ್ಲ, ವಾದವೇ ಬೇಡ. ಕೀ ವಾಚಿನಲ್ಲಿ ಇರುವುದು ಒಂದು ಸುರುಳಿ ಸ್ಪ್ರಿಂಗು. ನಾವು ಬಿಗಿದಿಟ್ಟದ್ದನ್ನು ಅದು ದಿನವಿಡೀ ಸಡಿಲ ಬಿಡುತ್ತಾ ಹೋಗುತ್ತದೆ. ಒಮ್ಮೆಗೇ ಬಿಚ್ಚಿಕೊಳ್ಳದಂತೆ ಒಂದು ಪುಟ್ಟ ಚಕ್ರ ಅತ್ತಿಂದಿತ್ತ ಓಲಾಡುತ್ತಾ ತಡೆದು ತಡೆದು ಬಿಡುತ್ತದೆ. ಜನತಾದಲ್ಲಿ ಗಂಟೆಗೆ 18,000 ಬಡಿತ, ಸೆಕೆಂಡಿಗೆ ಐದು. ಅದಕ್ಕೇ ಅದರ ಸೆಕೆಂಡ್ ಮುಳ್ಳು ಜಿಗಿಯುವುದಿಲ್ಲ, ಸರಸರ ಸರಿದು ಹೋಗುತ್ತದೆ. ಡಯಲಿನ ಮೇಲೆ 17 ಜ್ಯೂಯೆಲ್ಸ್ ಅಂತ ಬರೆದಿರುತ್ತದೆ. ಚಕ್ರದ ಅಚ್ಚು ಸವೆಯದಿರಲಿ ಅಂತ ಕೂರಿಸಿದ ಕೆಂಪು ಹರಳುಗಳು ಅವು. ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ. ಮಾರಿದರೆ ಕಾಫಿ ಖರ್ಚೂ ಹುಟ್ಟುವುದಿಲ್ಲ. ಆದರೆ ಅಪ್ಪನ ವಾಚಿನಲ್ಲಿ ಹದಿನೇಳು ರತ್ನ ಇದೆ ಅಂತ ಸ್ಕೂಲಿನಲ್ಲಿ ಜಂಬ ಕೊಚ್ಚಿಕೊಂಡ ಮಕ್ಕಳು ಎಷ್ಟೋ.

ಕೀ ಕೊಡುವುದಕ್ಕೂ ಒಂದು ಕ್ರಮ ಇದೆ. ವಾಚನ್ನು ಕೈಯಿಂದ ಬಿಚ್ಚಬೇಕು. ಕಟ್ಟಿಕೊಂಡೇ ತಿರುಗಿಸಿದರೆ ಒಳಗಿನ ಕಡ್ಡಿಗೆ ಓರೆಯಾಗಿ ಭಾರ ಬೀಳುತ್ತದೆ. ಪಕ್ಕದ ಗುಂಡಿಯ ಗೀರುಗಳು ಹೆಬ್ಬೆರಳಿಗೆ ಸಿಗುತ್ತವೆ. ಮುಂದಕ್ಕೆ ತಿರುಗಿಸಿದರೆ ಕಿರ್ ಕಿರ್ ಅನ್ನುವ ಸಣ್ಣ ಸದ್ದು, ಹಿಂದಕ್ಕೆ ಬಿಟ್ಟರೆ ಇನ್ನೂ ಸಣ್ಣ ಸದ್ದು. ಮೊದಮೊದಲು ಹಗುರ. ಬರಬರುತ್ತಾ ಬಾವಿಯ ಹಗ್ಗದ ಹಾಗೆ ಬಿಗಿ. ಇನ್ನು ಸಾಕು ಅಂತ ಅದೇ ಹೇಳುತ್ತದೆ, ಅಲ್ಲಿಗೆ ಬಿಡಬೇಕು. ಇಷ್ಟು ಮಾಡಿದರೆ ಒಂದೂವರೆ ದಿನಕ್ಕೆ ಚಿಂತೆಯಿಲ್ಲ. ಮೊದಲೆಲ್ಲ ಮನೆಗಳಲ್ಲಿ ಇದಕ್ಕೆ ಹೊತ್ತು ಗೊತ್ತಿತ್ತು. ಬೆಳಗಿನ ವಾರ್ತೆಗೆ ಮುಂಚೆ ರೇಡಿಯೋ ಹತ್ತಿರ ವಾಚು ಹಿಡಿದು ನಿಂತು, "ಈಗ ಸಮಯ" ಅಂತ ನಿಲಯದವರು ಹೇಳಿದ ಕೂಡಲೇ ಮುಳ್ಳು ಸರಿ ಮಾಡಿ, ಹಾಗೇ ಕೀ ಕೊಟ್ಟು ಕಟ್ಟಿಕೊಳ್ಳುವುದು. ನಾನೂ ಹಾಗೇ ಮಾಡುವವನಿದ್ದೇನೆ. ಆಕಾಶವಾಣಿಯವರು ಟೈಮ್ ಸರಿಯಾಗಿ ಹೇಳಬೇಕು, ಅಷ್ಟೇ.

ಗಾಜಿನ ಮೇಲೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಬಂದ ದಿನವೇ ಕಿತ್ತು ಹಾಕುತ್ತೇನೆ. ಮೂಲೆ ಎದ್ದು, ಕೊಳೆ ಕೂತು, ಗುಳ್ಳೆ ಬಂದರೂ ತಿಂಗಳುಗಟ್ಟಲೆ ಅದನ್ನು ಕೀಳದವರನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಟಿವಿ ರಿಮೋಟಿಗೆ ಕವರ್ ಹಾಕುವವರೂ ಅವರೇ.

ಇನ್ನು ಉಳಿದದ್ದು ಈಗ ಕಟ್ಟುತ್ತಿರುವ ಹಳೇ ವಾಚಿನ ಪ್ರಶ್ನೆ. ಅದಕ್ಕೆ ಆಗಲೇ ವಾರಸುದಾರ ಹುಟ್ಟಿಕೊಂಡಿದ್ದಾನೆ. ನಮ್ಮ ಅಕ್ಕನ ಮಗನಿಗೆ ಈಚೆಗೆ ಕೆಲಸ ಸಿಕ್ಕಿದೆ. ನಾನು ಆರ್ಡರ್ ಮಾಡಿದ ವಿಷಯ ಅಕ್ಕನ ಬಾಯಿಂದ ಅವನ ಕಿವಿಗೆ ಬಿದ್ದಿದೆ. ಅಂದಿನಿಂದ ಫೋನ್ ಮೇಲೆ ಫೋನು. "ಮಾವ, ಹೊಸದು ಬಂತಾ?" ಇಲ್ಲ ಕಣೋ ಅಂದರೆ, "ಪಾರ್ಸೆಲ್ ನಂಬರ್ ಕಳಿಸಿ, ಎಲ್ಲಿದೆ ಅಂತ ನಾನೇ ನೋಡ್ತೀನಿ" ಅಂತಾನೆ. ಎಣ್ಣೆ ಹಾಕಿಸುವುದಕ್ಕೆ ಇನ್ನೂ ಒಂದು ವಾರ ಹಿಡಿಯುತ್ತದೆ ಅಂತ ಅವನಿಗಿನ್ನೂ ಹೇಳಿಲ್ಲ. ಈ ಕಾರ್ಯಕ್ರಮ ಕೇಳುತ್ತಿದ್ದರೆ ಈಗ ಗೊತ್ತಾಗಿರುತ್ತದೆ.

ನಮಸ್ಕಾರ.