ಜೂನ್ ತಿಂಗಳ ಇಂಗ್ಲಿಷ್ ಕ್ಲಾಸು

ಕೇಳುಗರಿಗೆಲ್ಲ ನಮಸ್ಕಾರ.

ಮೇ ಕೊನೆಯ ಹೊತ್ತಿಗೆ ನಮ್ಮ ಮಂಡ್ಯ ಕಡೆ ಶಾಲೆಗಳು ಮತ್ತೆ ಶುರುವಾಗುತ್ತವೆ. ಗೇಟಿಗೆ ಮಾವಿನ ತೋರಣ, ಬಿಸಿಯೂಟದ ಜೊತೆಗೆ ಒಂದು ಸಿಹಿ, ಕೈಗೆ ಹೊಸ ಪಠ್ಯಪುಸ್ತಕ. ಮಕ್ಕಳ ಗಲಾಟೆಯೋ ಗಲಾಟೆ. ಆದರೆ ಎಂಟನೇ ಕ್ಲಾಸಿನ ಬಾಗಿಲಲ್ಲಿ ಇಂಗ್ಲಿಷ್ ಮೇಷ್ಟ್ರು ಕಂಡ ಕೂಡಲೇ ಎಲ್ಲರೂ ಗಪ್‌ಚುಪ್. ಆ ಮೇಷ್ಟ್ರು ನಾನೇ.

ಎಂಟನೇ ಕ್ಲಾಸಿಗೆ ಸುತ್ತಲಿನ ಹಳ್ಳಿಗಳ ಮಕ್ಕಳು ಬಂದು ಸೇರುತ್ತಾರೆ. 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ. 2019-20ರಿಂದ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ತರಗತಿಗಳೂ ನಡೆಯುತ್ತಿವೆ. ಕಾನ್ವೆಂಟ್ ಫೀಸು ಕಟ್ಟಲಾಗದೆ ವಾಪಸ್ ಬಂದವರೂ ಇರುತ್ತಾರೆ. ಹಾಗಾಗಿ ಒಂದೇ ಬೆಂಚಿನಲ್ಲಿ ಒಬ್ಬಳು ಪುಟಗಟ್ಟಲೆ ಓದುತ್ತಾಳೆ, ಪಕ್ಕದವನಿಗೆ ಬಿ ಯಾವುದು ಡಿ ಯಾವುದು ಅನ್ನುವುದೇ ಇನ್ನೂ ಅನುಮಾನ.

"ಏಳು ವರ್ಷ ಓದವ್ನೆ ಸಾ, ಒಂದ್ ಮಾತೂ ಬರಲ್ವಲ್ಲ" ಎಂದು ಅಪ್ಪಂದಿರು ಕೇಳುತ್ತಾರೆ. ಎಲ್ಲಿಂದ ಬರಬೇಕು ಹೇಳಿ? ಕ್ಲಾಸಿನ ನಲವತ್ತು ನಿಮಿಷ ಬಿಟ್ಟರೆ ಆ ಹುಡುಗನ ಕಿವಿಗೆ ಬೀಳುವ ಇಂಗ್ಲಿಷ್ ಅಂದರೆ ಕ್ರಿಕೆಟ್ ಕಾಮೆಂಟರಿ ಮಾತ್ರ. ಆ ನಲವತ್ತು ನಿಮಿಷದಲ್ಲೂ ಹೆಚ್ಚಿನ ಹೊತ್ತು ಬೋರ್ಡಿನಿಂದ ಪ್ರಶ್ನೋತ್ತರ ಇಳಿಸಿಕೊಳ್ಳುವುದೇ ಆಗುತ್ತದೆ. ಕೈ ಕಲಿತಿದೆ. ಕಿವಿ, ಬಾಯಿ ಕಲಿತಿಲ್ಲ.

ಮೊದಲ ದಿನ ಒಬ್ಬೊಬ್ಬರನ್ನೇ ಎಬ್ಬಿಸಿ ಇಂಗ್ಲಿಷಿನಲ್ಲಿ ಪರಿಚಯ ಹೇಳಿಸುವ ಪದ್ಧತಿ ಬಹಳ ಕಡೆ ಇದೆ. ನನಗದು ಇಷ್ಟವಿಲ್ಲ. ಬರುವವರು ಗಿಣಿಪಾಠ ಒಪ್ಪಿಸುತ್ತಾರೆ, ಬಾರದವರು ತಲೆ ತಗ್ಗಿಸಿ ನಿಲ್ಲುತ್ತಾರೆ. "ಮೈ ಫಾದರ್ ಈಸ್..." ಅನ್ನುವಲ್ಲಿಗೆ ಬಂದಾಗ ಅಪ್ಪ ಇಲ್ಲದ ಮಗು ಏನು ಹೇಳಬೇಕು? ಮೊದಲ ದಿನವೇ ನಾಚಿಕೆಯಿಂದ ಕುಗ್ಗಿದವರನ್ನು ಮತ್ತೆ ಮಾತಾಡಿಸಲು ದಸರಾ ರಜೆ ಬಂದರೂ ಸಾಲದು.

ಅದಕ್ಕೇ ಜೂನ್ ಪೂರ್ತಿ ನಾನು ಪುಸ್ತಕ ತೆಗೆಸುವುದಿಲ್ಲ, ಮೊದಲ ಕೆಲವು ದಿನ ಮಾತಾಡಿ ಅಂತಲೂ ಹೇಳುವುದಿಲ್ಲ. ನಾನು ಹೇಳುತ್ತೇನೆ, ಅವರು ಮಾಡುತ್ತಾರೆ, ಅಷ್ಟೇ. "ಓಪನ್ ದ ವಿಂಡೋ." ಒಬ್ಬ ಹೋಗಿ ಕಿಟಕಿ ತೆರೆಯುತ್ತಾನೆ. "ಗಿವ್ ಯುವರ್ ಪೆನ್ ಟು ಹರ್." ಕೊಡುತ್ತಾನೆ. "ಪುಟ್ ಯುವರ್ ಬ್ಯಾಗ್ ಆನ್ ಮೈ ಟೇಬಲ್." ಇಲ್ಲಿ ಸ್ವಲ್ಪ ತಡವರಿಸುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಆಮೇಲೆ ಯಾರೋ ಧೈರ್ಯ ಮಾಡಿ ಬ್ಯಾಗು ತಂದಿಡುತ್ತಾರೆ. ಅರ್ಥವಾಗಿದೆ ಅಂತ ಅವರಿಗೇ ಗೊತ್ತಾಗುತ್ತದೆ. ಬಾಯಿ ಬಿಡುವ ಮೊದಲು ಇದು ಗೊತ್ತಾಗಬೇಕು.

ಆಮೇಲೆ ಪಾತ್ರ ಬದಲು. ಈಗ ಹೇಳುವವರು ಅವರು, ಮಾಡುವವನು ನಾನು. ಹಿಂದಿನ ಬೆಂಚಿನಿಂದ ಸಣ್ಣಗೆ, "ಸಾ... ಸಿಟ್ ಡೌನ್." ಕೂರುತ್ತೇನೆ. "ಸ್ಟ್ಯಾಂಡ್ ಅಪ್." ಏಳುತ್ತೇನೆ. ಕ್ಲಾಸೆಲ್ಲ ನಗು. ಮೇಷ್ಟ್ರಿಗೆ ಬಸ್ಕಿ ಹೊಡೆಸುವ ಅವಕಾಶವನ್ನು ಯಾವ ಮಕ್ಕಳು ಬಿಡುತ್ತಾರೆ? ತಪ್ಪೋ ಸರಿಯೋ, ಇಂಗ್ಲಿಷ್ ತಾನಾಗಿಯೇ ಹೊರಗೆ ಬರುತ್ತದೆ. ಪಕ್ಕದ ಕ್ಲಾಸಿನವರು ಒಮ್ಮೊಮ್ಮೆ ಬಂದು ಇಣುಕುತ್ತಾರೆ, ಪರವಾಗಿಲ್ಲ.

ಈ ಹೊತ್ತಿನಲ್ಲಿ ತಿದ್ದುವ ಚಟವನ್ನು ನಾವು ಮೇಷ್ಟ್ರುಗಳು ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ಮಗು ನೈಫ್ ಅನ್ನುವುದನ್ನು "ಕ್ನೈಫ್" ಅಂತ ಓದಿತು ಅನ್ನಿ. ಅದರಲ್ಲಿ ದಡ್ಡತನ ಏನಿದೆ? ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ಇಪ್ಪತ್ತಾರೇ ಅಕ್ಷರ, ಆದರೆ ಸುಮಾರು 44 ಧ್ವನಿಗಳು. ಒಂದೇ ಅಕ್ಷರ ಒಂದೊಂದು ಕಡೆ ಒಂದೊಂದು ಥರ ಕೂಗುತ್ತದೆ, ಕೆಲವು ಕಡೆ ಸುಮ್ನೆ ಕೂತಿರುತ್ತದೆ. ಮಗು ತನಗೆ ಗೊತ್ತಿರುವ ಕನ್ನಡದ ನಿಯಮವನ್ನೇ ಅಲ್ಲೂ ಹಾಕಿದೆ. "ಇಲ್ಲಿ ಕೆ ಅಕ್ಷರ ಮಾತಾಡಲ್ಲ ಕಣಪ್ಪ" ಅಂದರೆ ಸಾಕು.

ಇನ್ನೊಂದು ನಮ್ಮ ಸೀಮೆಯದೇ ವಿಷಯ. ನಮ್ಮಲ್ಲಿ ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಹಾಗೇ ಹೌಸ್ ಹೋಗಿ ಔಸ್ ಆಗುತ್ತದೆ. ಇದಕ್ಕೆ ನಗುವ ಮೇಷ್ಟ್ರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಮಗುವಿನ ಮನೆ ಮಾತು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೌಸ್ ಅನ್ನಿಸಿ. ಅಂಗೈಗೆ ಬಿಸಿ ಗಾಳಿ ತಗುಲಿದರೆ ಹಕಾರ ಬಂತು ಅಂತ ಲೆಕ್ಕ. ಮಕ್ಕಳು ಇದನ್ನು ಆಟದ ಥರ ಮಾಡುತ್ತಾರೆ.

ಇಲಾಖೆಯ ಸೇತುಬಂಧ ಕಾರ್ಯಕ್ರಮ ವರ್ಷದ ಮೊದಲಲ್ಲೇ ಇರುತ್ತದೆ, ಅಲ್ವಾ? ಹಿಂದಿನ ಕ್ಲಾಸಿನದು ಎಷ್ಟು ಬರುತ್ತದೆ ಅಂತ ಒಂದು ಪರೀಕ್ಷೆ, ಆಮೇಲೆ ಬಾರದ್ದನ್ನು ಕಲಿಸುವುದು, ಕೊನೆಗೆ ಮತ್ತೊಂದು ಪರೀಕ್ಷೆ. ಯೋಜನೆ ಒಳ್ಳೆಯದೇ. ಆದರೆ ಅಂಕಪಟ್ಟಿ ತುಂಬಿಸಿದರೆ ಕೆಲಸ ಮುಗಿಯಿತು ಅಂದುಕೊಂಡರೆ ಏನೂ ಉಳಿಯುವುದಿಲ್ಲ. ನಾನಂತೂ ಪೇಪರ್ ಕೊಡುವ ಜೊತೆಗೆ ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿಕೊಂಡು ನಾಲ್ಕು ಸಾಲು ಓದಿಸುತ್ತೇನೆ. ಉಳಿದವರ ಎದುರಿಗಲ್ಲ, ಹೊರಗೆ ಜಗಲಿಯಲ್ಲಿ. ಅಕ್ಷರವೇ ಬಾರದವರಿಗೆ ನಾಲ್ಕು ಗೆರೆ ಕಾಪಿ ಕೊಡುತ್ತೇನೆ. ಎಂಟನೇ ಕ್ಲಾಸಿನ ಹುಡುಗನಿಗೆ ಅದು ಅವಮಾನ ಅನ್ನಿಸಬಾರದು. ಅದಕ್ಕೇ ಅದನ್ನು ಮನೆಯಲ್ಲಿ ಬರೆದು, ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನನ್ನೊಬ್ಬನಿಗೇ ತೋರಿಸಿದರೆ ಸಾಕು ಅಂದಿದ್ದೇನೆ.

"ಪೋರ್ಷನ್ ಗತಿ ಏನು ಮೇಷ್ಟ್ರೇ?" ಅನ್ನುತ್ತೀರಿ. ಜುಲೈಯಲ್ಲಿ ಪುಸ್ತಕ ತೆಗೆದಾಗ ಮೊದಲ ಪಾಠಗಳು ಸಲೀಸಾಗಿ ಓಡುತ್ತವೆ. ಕೇಳಿ ಅರ್ಥ ಮಾಡಿಕೊಳ್ಳುವ ಕ್ಲಾಸಿಗೆ ಪ್ರತಿ ಸಾಲನ್ನೂ ಕನ್ನಡಕ್ಕೆ ತಿರುಗಿಸಿ ಹೇಳುವ ಹೊತ್ತು ಉಳಿಯುತ್ತದಲ್ಲ.

ಅಪ್ಪ ಅಮ್ಮಂದಿರಲ್ಲಿ ಒಂದು ಮಾತು. ಜೂನ್‌ನಲ್ಲೇ ಟ್ಯೂಷನ್ ಹುಡುಕಬೇಡಿ. ಸಂಜೆ ಮಗು ಬಂದಾಗ "ಎಷ್ಟು ಪಾಠ ಆಯ್ತು" ಅನ್ನುವ ಬದಲು, "ಇವತ್ತು ಮೇಷ್ಟ್ರು ಕೈಲಿ ಏನು ಮಾಡಿಸಿದೆ?" ಅಂತ ಕೇಳಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ನಿಮ್ಮನ್ನೂ ನಾಲ್ಕು ಸಲ ಎಬ್ಬಿಸಿ ಕೂರಿಸುತ್ತಾರೆ, ಸುಮ್ನೆ ಹೇಳಿದ ಹಾಗೆ ಮಾಡಿ.

ನಮಸ್ಕಾರ.