ಆ ಜೀಬ್ರಾವನ್ನು ನೋಡಿ ಬರೆದದ್ದು

ಕೇಳುಗರಿಗೆ ನಮಸ್ಕಾರ.

ಸೊಪ್ಪು ಬಿಡಿಸುತ್ತಾ, ಬಟ್ಟೆ ಮಡಚುತ್ತಾ ಕೇಳುತ್ತಿರುವವರು ಕೈಕೆಲಸ ನಿಲ್ಲಿಸಬೇಡಿ. ನನ್ನದು ಒಂದೇ ಮಾತು. ಮೊಘಲ್ ಬಾದಶಹ ಜಹಾಂಗೀರನ ಆಸ್ಥಾನದ ಚಿಕಣಿ ಚಿತ್ರಗಳಲ್ಲಿ, ಅಂದರೆ ಪುಟ್ಟ ಗಾತ್ರದ ಸೂಕ್ಷ್ಮ ಚಿತ್ರಗಳಲ್ಲಿ, ಇರುವ ಪ್ರಾಣಿಗಳನ್ನು ಸುಮ್ನೆ ಅಂದಕ್ಕೆ ಅಂತ ಬರೆದಿಲ್ಲ. ನೋಡಿ ಬರೆದಿದ್ದಾರೆ.

ಒಂದು ಕಥೆ ಹೇಳುತ್ತೇನೆ. ನನಗೆ ತುಂಬಾ ಇಷ್ಟದ್ದು.

1621ನೇ ಇಸವಿ. ಮೀರ್ ಜಾಫರ್ ಎಂಬಾತನ ಜೊತೆ ಬಂದ ತುರ್ಕರು ಅಬಿಸೀನಿಯಾದಿಂದ, ಅಂದರೆ ಈಗಿನ ಇಥಿಯೋಪಿಯಾ ಕಡೆಯಿಂದ, ಒಂದು ಪ್ರಾಣಿಯನ್ನು ತಂದರು. ನೋಡಿದರೆ ಕತ್ತೆಯ ಹಾಗಿದೆ, ಆದರೆ ಮೈತುಂಬ ಕಪ್ಪು ಪಟ್ಟೆ! ಜೀಬ್ರಾ ಅಂತ ಇವತ್ತು ಮಕ್ಕಳೂ ಹೇಳುತ್ತಾರೆ. ಆಗ ಕೆಲವರು, ಇದಕ್ಕೆ ಯಾರೋ ಬಣ್ಣ ಬಳಿದಿದ್ದಾರೆ ಅಂದುಕೊಂಡರು. ಜಹಾಂಗೀರ ಬಿಡಲಿಲ್ಲ. ಚೆನ್ನಾಗಿ ವಿಚಾರಿಸಿ, ಪಟ್ಟೆ ಹುಟ್ಟಿನಿಂದಲೇ ಬಂದದ್ದು, ದೇವರೇ ಬರೆದದ್ದು ಎಂದು ಖಚಿತ ಮಾಡಿಕೊಂಡ. ಮೂಗಿನ ತುದಿಯಿಂದ ಬಾಲದ ತುದಿವರೆಗೆ, ಕಿವಿಯಿಂದ ಗೊರಸಿನವರೆಗೆ ಎಲ್ಲೆಲ್ಲಿ ಗೆರೆ ಇದೆ ಅಂತ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಕಣ್ಣಿನ ಸುತ್ತ ಇದ್ದ ತೆಳ್ಳನೆಯ ಕಪ್ಪು ಗೆರೆಯನ್ನೂ ಬಿಡಲಿಲ್ಲ! ಒಬ್ಬ ಬಾದಶಹ ಪ್ರಾಣಿಯ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದಾನೆ ಅಂದರೆ, ಅವನ ಚಿತ್ರಕಾರ ಹೇಗೆ ನೋಡಿರಬೇಕು ಹೇಳಿ?

ಆ ಚಿತ್ರಕಾರ ಉಸ್ತಾದ್ ಮನ್ಸೂರ್. 'ನಾದಿರ್-ಉಲ್-ಅಸ್ರ್', ಈ ಕಾಲದ ಅಪೂರ್ವ ಎಂಬ ಬಿರುದು ಪಡೆದವನು. ಅವನ ಜೀಬ್ರಾದ ಹಿಂದೆ ಮರವಿಲ್ಲ, ಬೆಟ್ಟವಿಲ್ಲ. ಪಕ್ಕಕ್ಕೆ ತಿರುಗಿ ನಿಂತ ಆ ಪ್ರಾಣಿ ಮಾತ್ರ. ಯಾವುದೋ ಒಂದು ಜೀಬ್ರಾ ಅಲ್ಲ, ಆ ಜೀಬ್ರಾ. ಇದು ಎಲ್ಲಿಂದ ಬಂತು, ಯಾರು ತಂದರು, ಯಾರು ಬರೆದರು ಎಂದು ಜಹಾಂಗೀರನೇ ಚಿತ್ರದ ಮೇಲೆ ಬರೆದಿದ್ದಾನೆ. ಪ್ರಾಣಿ ಇರಾನಿನ ಷಾ ಅಬ್ಬಾಸನಿಗೆ ಕಳಿಸುವ ಕಾಣಿಕೆಗಳ ಪಟ್ಟಿಗೆ ಸೇರಿತು. ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಇಷ್ಟಾದ ಮೇಲೂ ಇಂಥ ಚಿತ್ರವನ್ನು 'ಮುದ್ದಾಗಿದೆ' ಅಂತ ಒಂದೇ ಮಾತಲ್ಲಿ ಮುಗಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ದಯವಿಟ್ಟು ಇನ್ನೊಂದು ನಿಮಿಷ ನಿಂತು ನೋಡಿ. ಅಳಿಲಿನ ಬಾಲದ ಕೂದಲಿನ ಕುಂಚ ಹಿಡಿದು, ಒಂದೊಂದು ಗೆರೆಯನ್ನೂ ನೋಡಿ ಬರೆದದ್ದು ಅದು.

ಹೇಳುವುದು ಇನ್ನೂ ಜಾಸ್ತಿ ಇದೆ, ಸಮಯ ಕಡಿಮೆ. 1612ರಲ್ಲಿ ಆಸ್ಥಾನದ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ಟರ್ಕಿ ಕೋಳಿ ತಂದಾಗಲೂ ಜಹಾಂಗೀರ ಚಿತ್ರ ಬರೆಸಿದ. ತನ್ನ ಮುತ್ತಜ್ಜ ಬಾಬರ್ ಪ್ರಾಣಿಗಳನ್ನು ಬರೀ ಮಾತಲ್ಲಿ ವರ್ಣಿಸಿದ್ದ, ಚಿತ್ರ ಬರೆಸಿರಲಿಲ್ಲ ಅನ್ನುವ ಕೊರತೆ ಅವನಿಗಿತ್ತು.

ನಮ್ಮ ಬಿಜಾಪುರವನ್ನು ಬಿಟ್ಟರೆ ನೀವು ಸುಮ್ಮನಿರುವುದಿಲ್ಲ, ಅಲ್ವಾ? ಅಲ್ಲಿನ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಷಾ ತನ್ನ ಮೆಚ್ಚಿನ ಆನೆಯ ಮೇಲೆ ಕುಳಿತ ಚಿತ್ರವಿದೆ. ಫರ್ರುಖ್ ಬೇಗ್ ಎಂಬ ಚಿತ್ರಕಾರ ಬರೆದದ್ದು ಎನ್ನುತ್ತಾರೆ. ತಾನು ಕಟ್ಟಿದ ಹಾಡುಗಳಲ್ಲೂ ಸುಲ್ತಾನ ಆ ಆನೆಯ ಹೆಸರು ತಂದಿದ್ದಾನೆ. ಆತಶ್ ಖಾನ್ ಅಂತ. ಆತಶ್ ಎಂದರೆ ಬೆಂಕಿ.

ನಮಸ್ಕಾರ.